ಜೂನ್ ಒಂದರಂದು ಹುಟ್ಟಿದವರು

2018ರಲ್ಲಿ ನಾನು ವೈಟ್‌ಫೀಲ್ಡ್‌ನ ಒಂದು ಟೆಕ್ ಪಾರ್ಕಿನ ಐದನೇ ಮಹಡಿಯಲ್ಲಿ, ಮೊಬೈಲ್ ವಾಲೆಟ್ ನಡೆಸುವ ಕಂಪನಿಯೊಂದರ ದೂರು ಪರಿಹಾರ ಅಧಿಕಾರಿಯಾಗಿದ್ದೆ. ಅದಕ್ಕೆ ಮೊದಲು ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು, ಸ್ವಯಂ ನಿವೃತ್ತಿ ಪಡೆದು, ಬ್ರೂಕ್‌ಫೀಲ್ಡ್‌ನ ಫ್ಲ್ಯಾಟಿಗೆ ಬಂದು ನೆಲೆಸಿದವಳು. ಆ ವರ್ಷ ಸೆಪ್ಟೆಂಬರಿನಲ್ಲಿ ನಾನು ಒಬ್ಬ ಮನುಷ್ಯನ ಮೇಲೆ ಸೇಡು ತೀರಿಸಿಕೊಂಡೆ. ಬಾಯಿ ತಪ್ಪಿ ಆಡಿದ ಮಾತಿನಿಂದಲ್ಲ, ಕೂತು ಯೋಚಿಸಿ, ನಿಯಮದ ಪುಸ್ತಕ ತೆರೆದಿಟ್ಟುಕೊಂಡು ತೀರಿಸಿಕೊಂಡೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಒಂದು ಸಣ್ಣ ಭಾಗದ ಬಗ್ಗೆ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ನನ್ನ ಕೆಲಸ ಏನಾಗಿತ್ತು ಎಂಬುದನ್ನು ಹೇಳಬೇಕು. ಕೆವೈಸಿ ಎಂಬ ಮಾತು ಈಗ ಹಾಲಿನ ಬೂತಿನವರಿಗೂ ಗೊತ್ತು. ಖಾತೆ ತೆರೆಯುವವರು ನಿಜವಾಗಿಯೂ ಅವರೇ ಹೌದೇ ಎಂದು ಸಂಸ್ಥೆ ಖಾತ್ರಿ ಮಾಡಿಕೊಳ್ಳುವ ಕ್ರಮ ಅದು. ಬ್ಯಾಂಕಿನಲ್ಲಿ ನಾವು ಈ ಕೆಲಸವನ್ನು ಎದುರು ಬದುರು ಕೂತು ಮಾಡುತ್ತಿದ್ದೆವು. ವಾಲೆಟ್ ಕಂಪನಿಯಲ್ಲಿ ಅದನ್ನು ಸಾಫ್ಟ್‌ವೇರ್ ಮಾಡುತ್ತಿತ್ತು. ಕಾರ್ಡಿನ ಫೋಟೊ, ಹೆಸರು, ಹುಟ್ಟಿದ ದಿನ, ಫೋನ್ ಇರುವ ಜಾಗ ಎಲ್ಲವನ್ನೂ ಅದು ತೂಗಿ ನೋಡಿ ಈ ಮನುಷ್ಯ ಅಸಲಿ, ಈ ಮನುಷ್ಯ ನಕಲಿ ಎಂದು ತೀರ್ಪು ಕೊಡುತ್ತಿತ್ತು. ನಕಲಿ ಎನಿಸಿಕೊಂಡವರು ನನಗೆ ದೂರು ಕೊಡಬೇಕು. ದೂರು ಕೊಡಲು ಆ್ಯಪ್ ತೆರೆಯಬೇಕು. ನಕಲಿ ಎನಿಸಿಕೊಂಡವರ ಆ್ಯಪ್ ತೆರೆಯುತ್ತಿರಲಿಲ್ಲ. ಹೀಗಾಗಿ ಹಲವು ತಿಂಗಳು ನಮ್ಮ ಕಂಪನಿಗೆ ದೂರುಗಳೇ ಕಡಿಮೆ ಇದ್ದವು, ಅದಕ್ಕೆ ನಮಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು.

ಗೌರಮ್ಮ ನನಗೆ ಸಿಕ್ಕಿದ್ದು ಟೆಕ್ ಪಾರ್ಕಿನ ಗೇಟಿನ ಹೊರಗೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಸೆಪ್ಟೆಂಬರಿನ ಎರಡನೇ ಸೋಮವಾರ ಅದು. ಸೆಕ್ಯುರಿಟಿಯವನು ಫೋನ್ ಮಾಡಿ, "ಮೇಡಂ, ಯಾರೋ ಹೆಂಗಸು ಬೆಳಗ್ಗೆಯಿಂದ ಕೂತಿದ್ದಾರೆ, ನಿಮ್ಮ ಕಂಪನಿ ಹೆಸರು ಹೇಳ್ತಾರೆ, ಒಳಗೆ ಬಿಡೋ ಹಂಗಿಲ್ಲ" ಎಂದ. ನಮ್ಮದು ಶಾಖೆಯಿಲ್ಲದ ಕಂಪನಿ; ಗ್ರಾಹಕರು ಕಟ್ಟಡದೊಳಗೆ ಬರಬಾರದು ಎಂಬುದು ಆಡಳಿತದ ಆದೇಶ. ನಾನೇ ಕೆಳಗಿಳಿದು ಹೋದೆ.

ವಯಸ್ಸು ನಲವತ್ತೈದರ ಆಸುಪಾಸು, ಶಿರಾ ಕಡೆಯವರು. ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿಗೆ ಕಾಯಿಲ್ ಸುತ್ತುವ ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಅಲ್ಲಿ ಕೆಲಸಕ್ಕಿದ್ದ ಹೆಂಗಸರಲ್ಲಿ ಹೆಚ್ಚಿನವರನ್ನು ತಮ್ಮ ಊರಿನ ಸುತ್ತಮುತ್ತಲಿಂದ ಕರೆತಂದು ಸೇರಿಸಿದವರು ಈಕೆಯೇ. ಪೀಣ್ಯದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಎಂದು ಎರಡು ಬಸ್ಸು ಬದಲಾಯಿಸಿ, ಒಂದು ದಿನದ ಸಂಬಳ ಬಿಟ್ಟು ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಇಪ್ಪತ್ತೆರಡು ಜನರ ಗುರುತಿನ ಚೀಟಿಗಳ ಜೆರಾಕ್ಸ್ ಇತ್ತು.

ನಡೆದದ್ದು ಇಷ್ಟು. ಕಾರ್ಖಾನೆಯ ಮಾಲೀಕರು ಓವರ್‌ಟೈಮ್ ಹಣವನ್ನು ಇನ್ನು ಮುಂದೆ ವಾಲೆಟ್‌ಗೆ ಹಾಕುತ್ತೇನೆ ಎಂದರು. ನಮ್ಮ ಕಂಪನಿಯ ಏಜೆಂಟ್ ಒಬ್ಬ ಶಿಫ್ಟ್ ಬದಲಾಗುವ ಹೊತ್ತಿಗೆ ಬಂದು, ಎರಡೂ ಶಿಫ್ಟಿನವರನ್ನು ಸಾಲಾಗಿ ನಿಲ್ಲಿಸಿ ಖಾತೆ ತೆರೆದ. ಹೆಂಗಸರು ಹೆದರಿದರು. ಹಣ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಹೇಗೆ ನಂಬುವುದು ಎಂದು ಹಿಂದೇಟು ಹಾಕಿದರು. ಗೌರಮ್ಮ ಮೊದಲು ತಮ್ಮ ಖಾತೆ ತೆರೆಸಿಕೊಂಡರು. ಆಮೇಲೆ ಉಳಿದ ಇಪ್ಪತ್ತೊಂದು ಜನರ ಖಾತೆಗೂ ಶಾಸ್ತ್ರಕ್ಕೆಂದು ಹನ್ನೊಂದು ಹನ್ನೊಂದು ರೂಪಾಯಿ ಕಳಿಸಿದರು. ಹೊಸ ಪೆಟ್ಟಿಗೆ, ಬರಿದಾಗಿ ಇರಬಾರದು ಎಂಬುದು ಅವರ ಲೆಕ್ಕ. ಎಲ್ಲರ ಫೋನೂ ಟಿಣ್ ಎಂದಿತು, ಎಲ್ಲರೂ ನಕ್ಕರು, ಭಯ ಹೋಯಿತು.

ಎರಡು ತಿಂಗಳ ಓವರ್‌ಟೈಮ್ ಬಂದು ಸೇರಿದ ಮೇಲೆ, ಒಂದು ಬೆಳಗ್ಗೆ ಇಪ್ಪತ್ತೆರಡೂ ಖಾತೆ ಒಟ್ಟಿಗೆ ಮುಚ್ಚಿಹೋದವು. ಎಲ್ಲರಿಗೂ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ಕಾರ್ಖಾನೆಯ ಲೆಕ್ಕದ ಗುಮಾಸ್ತ ಅದನ್ನು ಎರಡೂ ಶಿಫ್ಟಿನವರ ನಡುವೆ ನಿಂತು ಕನ್ನಡದಲ್ಲಿ ಓದಿ ಹೇಳಿದ. ನಿಮ್ಮ ಖಾತೆ ವಂಚಕರ ಗುಂಪಿಗೆ ಸೇರಿದೆ, ಗುಂಪಿನ ಮುಖ್ಯ ಖಾತೆ ಗೌರಮ್ಮ ಎಂಬವರದು ಎಂದು ಅದರ ಅರ್ಥ.

"ಮೇಡಂ, ದುಡ್ಡು ಆಮೇಲ್ ಕೊಟ್ರೂ ಆಯ್ತದೆ" ಎಂದರು ಗೌರಮ್ಮ. "ನಾನ್ ಕಳ್ಳಿ ಅಲ್ಲ ಅಂತ ಒಂದು ಕಾಗ್ದ ಬೇಕು. ಓನರ್ರು ಈ ತಿಂಗಳ ಕಡೇವರ್ಗೂ ಟೈಮ್ ಕೊಟ್ಟವ್ರೆ. ತರ್ದಿದ್ರೆ ಬರ್ಬ್ಯಾಡ ಅಂದವ್ರೆ. ಕೆಲ್ಸ ಓದ್ರೆ ಓಗ್ಲಿ, ನಾನೇ ಕರ್ಕಂಡ್ ಬಂದ ಐಕ್ಳು, ಈಗ ಬಸ್ಸಲ್ಲಿ ನನ್ ಪಕ್ಕ ಕೂರಾಕಿಲ್ಲ."

ಜೆರಾಕ್ಸ್‌ಗಳನ್ನು ಬೆಂಚಿನ ಮೇಲೆಯೇ ಹರಡಿ ನೋಡಿದೆ. ಎರಡು ನಿಮಿಷದಲ್ಲಿ ಕಾರಣ ಸಿಕ್ಕಿತು. ಇಪ್ಪತ್ತೆರಡರಲ್ಲಿ ಹದಿಮೂರು ಜನ ಹುಟ್ಟಿದ್ದು ಜೂನ್ ಒಂದರಂದು. ಇಸವಿ ಬೇರೆ ಬೇರೆ, ದಿನ ಮಾತ್ರ ಅದೇ.

ನನಗೆ ನಗು ಬಂತು, ಯಾಕೆಂದರೆ ನನ್ನ ಜನ್ಮದಿನವೂ ಅದೇ. ನಮ್ಮ ಕಾಲದ ಹಳ್ಳಿ ಶಾಲೆಗಳಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗು ಯಾವತ್ತು ಹುಟ್ಟಿತು ಎಂದರೆ ತಾಯಂದಿರು ಮಹಾನವಮಿ ಮಾರನೇ ದಿನ, ಅವರೆಕಾಯಿ ಕಾಲದಲ್ಲಿ ಎನ್ನುತ್ತಿದ್ದರು. ಹೆಡ್‌ಮಾಸ್ಟರಿಗೆ ರಿಜಿಸ್ಟರಿನಲ್ಲಿ ತಾರೀಖು ಬೇಕು. ಶಾಲೆ ಶುರುವಾಗುವ ಹೊತ್ತಿಗೆ ಮಗುವಿನ ವಯಸ್ಸು ಸರಿಹೊಂದಬೇಕು. ಅವರು ಜೂನ್ ಒಂದು ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದರು. ಆ ತಾರೀಖೇ ಮುಂದೆ ಟಿಸಿಗೆ, ಅಲ್ಲಿಂದ ಎಲ್ಲ ಕಾರ್ಡುಗಳಿಗೆ ಹರಿದು ಬಂತು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಅವಳಿಗಳಂತೆ ಒಂದೇ ದಿನ ಹುಟ್ಟಿದವರು.

ಸಾಫ್ಟ್‌ವೇರಿಗೆ ಹೆಡ್‌ಮಾಸ್ಟರ್ ಗೊತ್ತಿರಲಿಲ್ಲ. ಒಂದೇ ಜಾಗದಿಂದ ಬಳಸುವ ಖಾತೆಗಳಲ್ಲಿ ಎಂಟಕ್ಕಿಂತ ಹೆಚ್ಚು ಜನರ ಹುಟ್ಟಿದ ದಿನ, ತಿಂಗಳು ಒಂದೇ ಆಗಿದ್ದರೆ ಅದು ಸುಳ್ಳು ದಾಖಲೆಗಳ ಗುಂಪು ಎಂದು ಅದಕ್ಕೆ ಕಲಿಸಿದ್ದರು. ಕಂಪನಿಯಲ್ಲಿ ಇದನ್ನು ಕ್ಲಸ್ಟರ್ ರೂಲ್ ಎನ್ನುತ್ತಿದ್ದರು. ಆ ಗುಂಪಿನೊಂದಿಗೆ ಪದೇ ಪದೇ ಹಣದ ವ್ಯವಹಾರ ಮಾಡಿದವರನ್ನೂ ಅದು ಸೇರಿಸಿ ಮುಚ್ಚುತ್ತಿತ್ತು. ಒಬ್ಬಳೇ ಹೆಂಗಸು ಒಂದು ಗಂಟೆಯಲ್ಲಿ ಇಪ್ಪತ್ತೊಂದು ಖಾತೆಗೆ ಹನ್ನೊಂದು ರೂಪಾಯಿ ಕಳಿಸಿದ್ದನ್ನು ಅದು ವಂಚಕರು ಖಾತೆ ಪರೀಕ್ಷಿಸುವ ವಿಧಾನ ಎಂದು ಓದಿಕೊಂಡು, ಗೌರಮ್ಮನನ್ನು ಗುಂಪಿನ ಮುಖ್ಯಸ್ಥೆಯನ್ನಾಗಿ ಮಾಡಿತ್ತು.

ವಂಚನೆಯ ಹಣೆಪಟ್ಟಿ ತೆಗೆಯುವ ಅಧಿಕಾರ ನನಗಿರಲಿಲ್ಲ. ಅದು ರಿಸ್ಕ್ ವಿಭಾಗದ ಮುಖ್ಯಸ್ಥ ನಿಖಿಲ್ ಕೈಯಲ್ಲಿತ್ತು. ವಯಸ್ಸು ಮೂವತ್ತಮೂರು, ಬೆಂಗಳೂರಿನಲ್ಲೇ ಬೆಳೆದ ಹುಡುಗ, ಕನ್ನಡ ಮಾತು ಸಲೀಸು, ಓದು ತಡವರಿಕೆ. ಕ್ಲಸ್ಟರ್ ರೂಲ್ ಅವನದೇ ಕೂಸು. ಬುಧವಾರದ ರಿಸ್ಕ್ ಮೀಟಿಂಗಿನಲ್ಲಿ ನಾನು ಪೀಣ್ಯದ ವಿಷಯ ಎತ್ತಿದೆ.

"ಹದಿಮೂರು ಜನ ಒಂದೇ ದಿನ ಹುಟ್ಟಿದಾರೆ ಅಂದ್ರೆ ನೀವು ನಂಬ್ತೀರಾ ಮೇಡಂ?" ಎಂದ.

"ಹುಟ್ಟಿಲ್ಲ. ಹೆಡ್‌ಮಾಸ್ಟರ್ ಹಾಗೆ ಬರ್ಕೊಂಡಿದ್ದು. ನಂದೂ ಜೂನ್ ಒಂದೇ."

"ಮೇಡಂ, ಇದು ರಿಸ್ಕ್ ಮೀಟಿಂಗ್. ಅಜ್ಜಿ ಕಥೆ ಎಲ್ಲಾ ಲಂಚ್ ಟೈಮಲ್ಲಿ ಹೇಳಿ. ಇಲ್ಲಿ ಡೇಟಾ ತನ್ನಿ."

ಮೇಜಿನ ಸುತ್ತ ಹನ್ನೊಂದು ಜನ ನಕ್ಕರು. ನಾನು ಎಣಿಸಿದೆ. ಸಂಜೆ ಒಂದು ಮೇಲ್ ಬಂತು: ದೂರು ವಿಭಾಗದವರು ಇನ್ನು ಮುಂದೆ ರಿಸ್ಕ್ ಮೀಟಿಂಗಿಗೆ ಬರುವ ಅಗತ್ಯವಿಲ್ಲ, ಗ್ರಾಹಕರ ಬಗ್ಗೆ ಭಾವುಕರಾದರೆ ನಿರ್ಧಾರ ತಪ್ಪುತ್ತದೆ. ಅದರ ಪ್ರತಿ ಹತ್ತು ಜನರಿಗೆ ಹೋಗಿತ್ತು. ಬ್ಯಾಂಕಿನಲ್ಲಿ ಒಂದು ದಿನವೂ ನನ್ನ ಲೆಕ್ಕದಲ್ಲಿ ತಪ್ಪು ಹಿಡಿದವರಿಲ್ಲ. ಆ ಮೇಲನ್ನು ರಾತ್ರಿ ಮನೆಯಲ್ಲಿ ಮೂರು ಸಲ ತೆಗೆದು ಓದಿದೆ.

ಮರು ಸೋಮವಾರ ಗೌರಮ್ಮ ಮತ್ತೆ ಬಂದರು. ಅದೇ ಬೆಂಚು. ನಾನು ಇನ್ನೂ ಆಗಿಲ್ಲ ಎಂದೆ. ಅವರು ಬೈಯಲಿಲ್ಲ. "ಅಲ್ಲ ಮೇಡಂ, ನಾನು ನಾನೇ ಅಂತ ಏಳಕೆ ಇನ್ನೇನ್ ತರ್ಲಿ ಏಳಿ, ತತ್ತೀನಿ" ಎಂದಷ್ಟೇ ಕೇಳಿದರು. ಅವರನ್ನು ಬಸ್ಸು ಹತ್ತಿಸಿ ಮೇಲೆ ಬಂದವಳೇ ಕ್ಲಸ್ಟರ್ ರೂಲಿನ ಪೂರ್ತಿ ದಾಖಲೆಯನ್ನು ತೆಗೆದು ಓದಲು ಕೂತೆ. ನಲವತ್ತು ಪುಟ. ಇಡೀ ಕಂಪನಿಯಲ್ಲಿ ಅದನ್ನು ಕೊನೆಯವರೆಗೂ ಓದಿದವರು ನಾನೊಬ್ಬಳೇ ಇರಬೇಕು.

ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಕಂಪನಿಯ ಕಚೇರಿಯ ಆವರಣದಿಂದ ಬಳಸುವ ಖಾತೆಗಳಿಗೆ ಈ ನಿಯಮದಿಂದ ವಿನಾಯಿತಿ. ಯಾಕೆ ಎಂದು ಬರೆದಿರಲಿಲ್ಲ. ನಾನು ಹಳೆಯ ಪರೀಕ್ಷಾ ವರದಿಗಳನ್ನು ತೆಗೆಸಿದೆ. ಮಾರ್ಚ್ ತಿಂಗಳಲ್ಲಿ ನಿಯಮವನ್ನು ಮೊದಲು ಪರೀಕ್ಷಿಸಿದಾಗ ಅದು ಹಿಡಿದದ್ದು ನಮ್ಮ ಕಚೇರಿಯನ್ನೇ. ಜೂನ್ ಒಂದರಂದು ಹುಟ್ಟಿದವರು ನಮ್ಮಲ್ಲಿ ಹನ್ನೊಂದು ಜನ ಇದ್ದರು: ಹೌಸ್‌ಕೀಪಿಂಗ್‌ನ ನಾಲ್ವರು, ಸೆಕ್ಯುರಿಟಿಯ ಇಬ್ಬರು, ಇಬ್ಬರು ಡ್ರೈವರುಗಳು, ಅಕೌಂಟ್ಸ್‌ನ ಒಬ್ಬರು, ನಾನು ಮತ್ತು ನಮ್ಮ ಎಂಡಿ. ಎಂಡಿಯವರು ಚಿತ್ರದುರ್ಗದ ಕಡೆಯ ಹಳ್ಳಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ನಿಖಿಲ್ ನಿಯಮವನ್ನು ಸರಿಪಡಿಸಲಿಲ್ಲ. ನಮ್ಮ ಕಟ್ಟಡಕ್ಕೆ ಮಾತ್ರ ವಿನಾಯಿತಿ ಬರೆದು, ಊರ ಮೇಲೆ ಬಿಟ್ಟ.

ಅಂದರೆ ಅವನಿಗೆ ಗೊತ್ತಿತ್ತು. ಡೇಟಾ ತನ್ನಿ ಎಂದು ನನ್ನನ್ನು ನಗೆಪಾಟಲು ಮಾಡಿದ ದಿನ ಆ ಡೇಟಾ ಅವನ ಕಂಪ್ಯೂಟರಿನಲ್ಲೇ ಇತ್ತು. ಅಲ್ಲಿಯವರೆಗೆ ನನಗೆ ಇದ್ದದ್ದು ಸಿಟ್ಟು. ಆ ವರದಿ ಓದಿದ ಮೇಲೆ ಇವನನ್ನು ಸುಮ್ಮನೆ ಬಿಡಬಾರದು ಎಂದು ನಿಶ್ಚಯಿಸಿದೆ.

ಆ ವರದಿಯನ್ನು ನೇರವಾಗಿ ಎಂಡಿಯವರಿಗೆ ಕಳಿಸಬಹುದಿತ್ತು. ಕಳಿಸಿದ್ದರೆ ನಿಖಿಲ್ ಚಂದದ ಸ್ಲೈಡುಗಳನ್ನು ಮಾಡಿಕೊಂಡು ಬಂದು, ಪರಿಶೀಲನೆಗೆ ಒಂದು ಸಮಿತಿ ಮಾಡೋಣ ಎನ್ನುತ್ತಿದ್ದ, ತಿಂಗಳು ಮುಗಿಯುತ್ತಿತ್ತು. ನನಗೆ ಅವನು ವಿವರಣೆ ಕೊಡುವುದು ಬೇಕಿರಲಿಲ್ಲ. ಸಾಲಿನಲ್ಲಿ ನಿಲ್ಲುವುದು ಬೇಕಿತ್ತು.

ದೂರು ಅಧಿಕಾರಿಗೆ ಒಂದು ಹಳೆಯ ಅಧಿಕಾರವಿತ್ತು, ಯಾರೂ ಬಳಸುತ್ತಿರಲಿಲ್ಲ. ಲಿಖಿತ ಕಾರಣವಿಲ್ಲದ ಯಾವುದೇ ವಿನಾಯಿತಿಗೆ ನಾನು ಕಾರಣ ಕೇಳಬಹುದು. ಮೂರು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ವಿನಾಯಿತಿ ರದ್ದು. ಸೋಮವಾರ ಸಂಜೆಯೇ ನಿಖಿಲ್‌ಗೆ ಎರಡು ಸಾಲಿನ ಮೇಲ್ ಹಾಕಿದೆ. ನನ್ನ ಮೇಲ್‌ಗಳನ್ನು ಅವನು ಓದುವುದಿಲ್ಲ ಎಂಬುದು ಗೊತ್ತಿತ್ತು, ಅದರ ಮೇಲೇ ನನ್ನ ಭರವಸೆ. ಮೂರು ದಿನ ಕಳೆಯಿತು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ, ನಿಯಮದ ಪ್ರಕಾರ ವಿನಾಯಿತಿ ತೆಗೆಯಿರಿ ಎಂದು ತಾಂತ್ರಿಕ ವಿಭಾಗಕ್ಕೆ ಬರೆದೆ. ಹನ್ನೆರಡೂವರೆಗೆ ತೆಗೆದರು. ಆ ಕ್ಷಣದಲ್ಲಿ ನನ್ನದೇ ಫೋನಿಗೆ ನಾನು ವಂಚಕಿ ಎಂಬ ಮೆಸೇಜು ಬಂತು. ಅಷ್ಟು ಖುಷಿ ಕೊಟ್ಟ ಮೆಸೇಜು ನನ್ನ ಫೋನಿಗೆ ಇನ್ನೊಂದು ಬಂದಿಲ್ಲ.

ನಮ್ಮ ಕ್ಯಾಂಟೀನಿನಲ್ಲಿ ವಾಲೆಟ್ ಬಿಟ್ಟು ಬೇರೆ ಹಣ ನಡೆಯುತ್ತಿರಲಿಲ್ಲ. ಒಂದು ಗಂಟೆಗೆ ಎಂಡಿಯವರು ತಟ್ಟೆ ಹಿಡಿದು ನಿಂತಿದ್ದಾಗ ಯಂತ್ರ ಕೆಂಪು ದೀಪ ತೋರಿಸಿತು. ನಾನು ಎರಡು ಮೇಜು ಆಚೆ ಕೂತು ನೋಡುತ್ತಿದ್ದೆ.

ಈಗ ನಾನು ಹೇಳಬೇಕಾದ ಆ ಸಣ್ಣ ಭಾಗ. ಎಂಡಿಯವರ ಹಿಂದೆಯೇ ಹೌಸ್‌ಕೀಪಿಂಗ್‌ನ ಮುನಿಯಮ್ಮ ನಿಂತಿದ್ದರು. ಎಂಡಿಯವರಿಗೆ ನಾಲ್ಕು ಜನ ಓಡಿಬಂದು ತಟ್ಟೆ ಹಿಡಿದರು. ಮುನಿಯಮ್ಮನಿಗೆ ಕೌಂಟರಿನವನು, "ನೀನು ಪಕ್ಕಕ್ಕೆ ಬಾಮ್ಮ" ಎಂದ. ಅವರು ತಟ್ಟೆಯನ್ನು ವಾಪಸ್ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟರು. ಮಾರ್ಚ್ ವರದಿಯ ಪಟ್ಟಿಯನ್ನು ನಾನು ಹತ್ತು ಸಲ ಓದಿದ್ದೆ, ಅದರಲ್ಲಿ ಎಂಡಿಯನ್ನೂ ನಿಖಿಲನನ್ನೂ ಹುಡುಕಿದ್ದೆನೇ ಹೊರತು ಮುನಿಯಮ್ಮನ ಊಟದ ಯೋಚನೆ ಮಾಡಿರಲಿಲ್ಲ. ಓಡಿಹೋಗಿ ಕರೆದು, ಪಕ್ಕದವರ ಫೋನಿನಲ್ಲಿ ಅವರಿಗೂ ಉಳಿದವರಿಗೂ ಊಟ ಕೊಡಿಸಿದೆ. ಆದರೆ ಆ ತಟ್ಟೆ ವಾಪಸ್ ಇಟ್ಟದ್ದನ್ನು ನಾನು ನೋಡಿಬಿಟ್ಟಿದ್ದೆ.

ಎರಡು ಗಂಟೆಗೆ ಎಂಡಿಯವರ ಕೋಣೆಗೆ ಕರೆ ಬಂತು. ನಿಖಿಲ್ ಆಗಲೇ ಅಲ್ಲಿದ್ದ. ನಾನು ಮಾರ್ಚ್ ತಿಂಗಳ ವರದಿಯನ್ನೂ ಗೌರಮ್ಮನ ಕವರನ್ನೂ ಮೇಜಿನ ಮೇಲಿಟ್ಟೆ. ಎಂಡಿಯವರು ಜೆರಾಕ್ಸ್‌ಗಳನ್ನು ಒಂದೊಂದಾಗಿ ತಿರುವಿದರು.

"ಇದು ನಮ್ಮ ಮೇಷ್ಟ್ರು ಬರ್ದಿದ್ದು ಕಣ್ರೀ" ಎಂದರು. ಆಮೇಲೆ ನಿಖಿಲ್ ಕಡೆ ತಿರುಗಿ, "ಮಾರ್ಚಲ್ಲೇ ಗೊತ್ತಿತ್ತಾ ನಿಮ್ಗೆ?" ಎಂದು ಕೇಳಿದರು.

ನಿಖಿಲ್ ಏನೋ ಥ್ರೆಶೋಲ್ಡ್ ಎಂದು ಶುರುಮಾಡಿ ನಿಲ್ಲಿಸಿದ. ಸಂಜೆಯೊಳಗೆ ನಿಯಮ ಸ್ಥಗಿತವಾಯಿತು. ಆ ನಿಯಮದಿಂದ ಮುಚ್ಚಿದ್ದ ಖಾತೆಗಳನ್ನೆಲ್ಲ ಮರುಪರಿಶೀಲಿಸಬೇಕೆಂದು ಆದೇಶವಾಯಿತು. ಆ ಕೆಲಸ ಬಿದ್ದದ್ದು ನನ್ನ ವಿಭಾಗಕ್ಕೆ. ಜೂನ್ ಒಂದರವರ ಖಾತೆಗಳನ್ನೂ, ಎಂಡಿಯವರೇ ಕಾಗದ ನೋಡಿದ್ದ ಪೀಣ್ಯದ ಇಪ್ಪತ್ತೆರಡು ಖಾತೆಗಳನ್ನೂ ಆ ಸಂಜೆಯೇ ತೆರೆದೆವು, ಮುನಿಯಮ್ಮನದನ್ನು ಎಲ್ಲಕ್ಕಿಂತ ಮೊದಲು. ಜೂನ್ ಒಂದರವರೊಂದಿಗೆ ಹಣದ ವ್ಯವಹಾರ ಮಾಡಿ ಸಿಕ್ಕಿಬಿದ್ದ ಉಳಿದವರಿಗೆ, ಅಂದರೆ ಸಂಬಂಧಿತರು ಎಂಬ ಪಟ್ಟಿಯವರಿಗೆ ಮಾತ್ರ, ಮೂಲ ದಾಖಲೆಗಳೊಂದಿಗೆ ಏಳು ಕೆಲಸದ ದಿನಗಳ ಪರಿಶೀಲನೆ ಉಳಿಯಿತು. ಆ ನಿಬಂಧನೆ ಬರೆದವನೂ ನಿಖಿಲನೇ.

ಸೋಮವಾರ ಅವನು ನನ್ನ ಮೇಜಿನ ಹತ್ತಿರ ಬಂದ. ಅವನು ತನ್ನ ಡ್ರೈವರನಿಗೆ ಪ್ರತಿ ವಾರ ಪೆಟ್ರೋಲಿಗೆ ವಾಲೆಟ್‌ನಿಂದ ಹಣ ಕಳಿಸುತ್ತಿದ್ದ. ಆ ಡ್ರೈವರ್ ನಮ್ಮ ಹನ್ನೊಂದು ಜನರಲ್ಲಿ ಒಬ್ಬ, ಹುಟ್ಟಿದ್ದು ಜೂನ್ ಒಂದರಂದು. ಹೀಗೆ ನಿಖಿಲ್ ಸಂಬಂಧಿತ ವಂಚಕನಾಗಿ ನೆಗೆಟಿವ್ ಲಿಸ್ಟ್ ಎಂಬ ಕಪ್ಪುಪಟ್ಟಿ ಸೇರಿದ್ದ. ಆ ಪಟ್ಟಿ ನಮ್ಮ ಸಮೂಹದ ಗೃಹಸಾಲದ ಕಂಪನಿಗೂ ಹೋಗುತ್ತಿತ್ತು. ಅಲ್ಲಿ ಅವನ ಮನೆ ಸಾಲ ಮಂಜೂರಾತಿಗೆ ಕೂತಿತ್ತು. ಇದೆಲ್ಲ ಆಕಸ್ಮಿಕ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ವಿನಾಯಿತಿ ತೆಗೆಸುವ ಮೊದಲೇ, ಮಾರ್ಚ್ ವರದಿಯ ಸಂಬಂಧಿತರ ಪಟ್ಟಿಯಲ್ಲಿ ಅವನ ಹೆಸರನ್ನು ನೋಡಿದ್ದೆ.

"ಮೇಡಂ, ಬುಧವಾರ ರಿಜಿಸ್ಟ್ರೇಷನ್ ಇದೆ. ಸ್ವಲ್ಪ ಬೇಗ ಮಾಡ್ಕೊಡಿ. ಇದು ನಮ್ಮ ಮನೆ ವಿಷ್ಯ."

"ಏಳು ಕೆಲಸದ ದಿನ ನಿಖಿಲ್. ಮೂಲ ದಾಖಲೆ ತಂದಿದ್ದೀರಾ? ಟೋಕನ್ ತಗೊಂಡು ಹೊರಗೆ ಕೂತ್ಕೊಳ್ಳಿ."

ಅವನು ನಿಂತೇ ಇದ್ದ. "ನಾನು ಯಾರು ಅಂತ ನಿಮಗೆ ಗೊತ್ತಲ್ವಾ ಮೇಡಂ" ಎಂದ.

ಇದನ್ನೇ ಹೇಳಲಿ ಎಂದು ನಾನು ಕಾದಿದ್ದೆ. "ನನಗೆ ಗೊತ್ತು. ಸಿಸ್ಟಮ್‌ಗೆ ಗೊತ್ತಿಲ್ಲ" ಎಂದೆ. ಅವನು ಹೊರಗೆ ಹೋಗಿ ಕುರ್ಚಿಯಲ್ಲಿ ಕೂತ. ಗಾಜಿನ ಗೋಡೆಯಾಚೆ ಎಲ್ಲರಿಗೂ ಕಾಣುವಂತೆ ಒಂದೂವರೆ ಗಂಟೆ ಕೂತ. ಆ ಒಂದೂವರೆ ಗಂಟೆ ನಾನು ಮಾಡಿದ ಕೆಲಸವೆಲ್ಲ ಬಲು ಅಚ್ಚುಕಟ್ಟಾಗಿ ಬಂತು.

ಆಮೇಲೆ ಒಳಗೆ ಕರೆದು ನನ್ನ ಷರತ್ತು ಹೇಳಿದೆ. ಗೌರಮ್ಮ ವಂಚಕಿಯಲ್ಲ, ತಪ್ಪು ಕಂಪನಿಯದು ಎಂದು ಕಂಪನಿಯ ಲೆಟರ್‌ಹೆಡ್‌ನಲ್ಲಿ, ಕನ್ನಡದಲ್ಲಿ ಪತ್ರ ಬರೆದು ಸಹಿ ಹಾಕಬೇಕು. ಕೊರಿಯರ್ ಬೇಡ, ತಾನೇ ಪೀಣ್ಯಕ್ಕೆ ಹೋಗಿ ಆ ಹೆಂಗಸರ ಮುಂದೆ ಓದಬೇಕು. ಓದಿ ಬಂದ ದಿನ ಅವನ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇನೆ. ಇದನ್ನು ಬ್ಲ್ಯಾಕ್‌ಮೇಲ್ ಎನ್ನುವವರು ಎನ್ನಲಿ. ನನ್ನ ಬ್ಯಾಂಕ್ ಜೀವನದಲ್ಲಿ ಹೀಗೆ ಮಾಡಿದವರನ್ನು ನಾನೇ ಸಸ್ಪೆಂಡ್ ಮಾಡಿಸುತ್ತಿದ್ದೆ.

ಮಂಗಳವಾರ ಬೆಳಗ್ಗೆ ಅವನ ಕಾರಿನಲ್ಲೇ ಹೋದೆವು. ಗೌರಮ್ಮನಿಗೆ ಕೊಟ್ಟಿದ್ದ ಗಡುವಿಗೆ ಇನ್ನು ಐದು ದಿನ ಉಳಿದಿತ್ತು. ಕಾರ್ಖಾನೆ ಶೀಟಿನ ಮಾಡಿನದು, ಒಳಗೆ ವಾರ್ನಿಷ್ ವಾಸನೆ. ಮಾಲೀಕರು ಯಂತ್ರಗಳನ್ನು ನಿಲ್ಲಿಸಿದರು. ಹನ್ನೆರಡು ಹೆಂಗಸರು ತಾಮ್ರದ ತಂತಿಯ ಉರುಳೆಗಳ ಪಕ್ಕ ಬಂದು ನಿಂತರು. ಗೌರಮ್ಮ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಒಬ್ಬರೇ ನಿಂತಿದ್ದರು. ಬೆಳಗ್ಗೆ ಹತ್ತು ಗಂಟೆ.

ನಿಖಿಲ್ ಪತ್ರ ಓದಿದ. ಒತ್ತಕ್ಷರ ಬಂದಾಗಲೆಲ್ಲ ತಡವರಿಸಿದ. "ಶ್ರೀಮತಿ ಗೌರಮ್ಮನವರು ಯಾವುದೇ ವಂಚನೆ ಮಾಡಿರುವುದಿಲ್ಲ" ಎಂಬ ಸಾಲಿಗೆ ಬಂದಾಗ ಮುಂದಿದ್ದ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಕ್ಷಮೆ ಕೇಳಿ, ಪತ್ರವನ್ನು ಮಡಚಿ, ಎರಡೂ ಕೈಯಲ್ಲಿ ಗೌರಮ್ಮನಿಗೆ ಕೊಟ್ಟ. ಅಷ್ಟು ಸಾಕು ಎಂದು ನನಗೇ ಅನಿಸಿತು. ಅವನು ಕಾರಿನ ಕಡೆ ತಿರುಗಿದ.

ಗೌರಮ್ಮ ಪತ್ರವನ್ನು ಅವನ ಕೈಗೇ ವಾಪಸ್ ಕೊಟ್ಟರು.

"ಇವ್ರು ಮೊದ್ಲನೇ ಶಿಫ್ಟ್ನೋರು ಸಾರ್, ಅನ್ನೆರ್ಡ್ ಜನ" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. "ಎರಡ್ನೇ ಶಿಫ್ಟ್ ಎರಡ್ ಗಂಟೆಗ್ ಬತ್ತದೆ. ಕೂತ್ಕಳಿ."

ನಿಖಿಲ್ ನನ್ನ ಮುಖ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ. ಯಾರೋ ಒಂದು ಕಬ್ಬಿಣದ ಸ್ಟೂಲು ತಂದು ಹಾಕಿದರು. ಯಂತ್ರಗಳು ಮತ್ತೆ ಶುರುವಾದವು. ಅವನು ಮಡಿಲಲ್ಲಿ ಪತ್ರ ಇಟ್ಟುಕೊಂಡು ನಾಲ್ಕು ಗಂಟೆ ಕೂತ, ಎರಡು ಗಂಟೆಗೆ ಎದ್ದು ಎರಡನೇ ಶಿಫ್ಟಿನ ಒಂಬತ್ತು ಜನರ ಮುಂದೆ ಅದನ್ನೇ ಮೊದಲಿನಿಂದ ಓದಿದ. ಎರಡನೇ ಸಲ ಒತ್ತಕ್ಷರಗಳು ತಪ್ಪಲಿಲ್ಲ. ಓದು ಮುಗಿದಾಗ ಆ ಒಂಬತ್ತರಲ್ಲಿ ಇಬ್ಬರು ಗೌರಮ್ಮನ ಪಕ್ಕಕ್ಕೆ ಬಂದು ನಿಂತರು. ಗೌರಮ್ಮ ಆಗ ಪತ್ರ ತೆಗೆದುಕೊಂಡರು.

ಮಾತು ಕೊಟ್ಟಂತೆ ನಿಖಿಲನ ಹೆಸರನ್ನು ಆ ಸಂಜೆಯೇ ಪಟ್ಟಿಯಿಂದ ತೆಗೆದೆ. ಆಮೇಲೆ ಮೂರು ವರ್ಷ ನಾನು ಅದೇ ಹುದ್ದೆಯಲ್ಲಿದ್ದೆ, ನಿಖಿಲ್ ಆರು ತಿಂಗಳಲ್ಲಿ ಬೇರೆ ಕಂಪನಿಗೆ ಹೋದ. ಸೇಡು ಹೇಗೆ ತೀರಿಸಬೇಕೆಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನನಗೆ ಗೊತ್ತಿದ್ದದ್ದು ಅವನನ್ನು ಕೆಳಗಿಳಿಸುವುದು ಮಾತ್ರ. ಗೌರಮ್ಮನಿಗೆ ಅವನು ಬೇಕಿರಲೇ ಇಲ್ಲ. ತನ್ನ ಬಗ್ಗೆ ಸುಳ್ಳು ಕೇಳಿಸಿಕೊಂಡ ಪ್ರತಿಯೊಬ್ಬರೂ ನಿಜವನ್ನೂ ಕೇಳಿಸಿಕೊಳ್ಳುವುದು ಬೇಕಿತ್ತು. ಅವತ್ತಿನಿಂದ ನಾನು ಯಾವ ದೂರನ್ನೂ ಖಾತೆ ತೆರೆದ ಕೂಡಲೇ ಮುಗಿಯಿತು ಎಂದು ಬರೆಯಲಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನೀವು ಕಳ್ಳರು ಅಂತ ಇನ್ನೂ ಯಾರು ಯಾರು ಅಂದ್ಕೊಂಡಿದ್ದಾರೆ, ಅವರ ನಂಬರ್ ಕೊಡಿ.